ಮಂದಣ್ಣನ ಪೆಟ್ಟಿಗೆಯಲ್ಲಿದ್ದದ್ದು ಯಾವ ಜೇನು?

'ಕರ್ವಾಲೋ' ಕಾದಂಬರಿಯನ್ನು ಮೂರು ಸಲ ಓದಿದ್ದೆ. ಮೂರು ಸಲವೂ ಹಾರುವ ಓತಿಯ ಹಿಂದೆಯೇ ಓಡಿದ್ದೆ. ಮೊನ್ನೆ ನಾಲ್ಕನೇ ಸಲ ಕೈಗೆತ್ತಿಕೊಂಡಾಗ ಮಾತ್ರ ಜೇನಿನ ಹತ್ತಿರವೇ ನಿಂತುಬಿಟ್ಟೆ.

1980ರಲ್ಲಿ ಬಂದ ಆ ಪುಸ್ತಕದ ಮೇಲೆ ನನ್ನದೊಂದು ಸಣ್ಣ ತಕರಾರಿದೆ. ಅದರಲ್ಲಿ ವಿಜ್ಞಾನದ ದೊಡ್ಡ ಗಳಿಗೆ ಅಂದರೆ ಯಾರೂ ಕಾಣದ ಪ್ರಾಣಿಯನ್ನು ಕಾಣುವುದು. ದಿನಾ ಕಣ್ಮುಂದೆ ಹಾರುವ ಹುಳ ಒಂದೇ ಜಾತಿಯೋ, ಎರಡೋ ಎಂದು ಹೇಳುವುದು ಅದಕ್ಕಿಂತ ಕಷ್ಟ. ಮಂದಣ್ಣನ ಸೀಮೆಯಲ್ಲಿ ಆಗ ಪೆಟ್ಟಿಗೆಯಲ್ಲಿ ಸಾಕುತ್ತಿದ್ದ ತುಡುವೆ ಜೇನಿನ ಜಗಳ ಇನ್ನೂ ಮುಗಿದಿಲ್ಲ ನೋಡಿ.

ಫ್ಯಾಬ್ರಿಷಿಯಸ್ 1793ರಲ್ಲಿ ಏಪಿಸ್ ಸೆರಾನಾ ಅಂದ, 1798ರಲ್ಲಿ ಏಪಿಸ್ ಇಂಡಿಕಾ ಅಂದ. ಮುಂದೆ ಬಂದವರು ಇಂಡಿಕಾವನ್ನು ಸೆರಾನಾದ ಉಪಜಾತಿ ಮಾಡಿಟ್ಟರು. 2022ರಲ್ಲಿ ಕೇರಳದ ಶಾನಸ್ ಮತ್ತು ಸಂಗಡಿಗರು 'ಎಂಟೊಮಾನ್' ಪತ್ರಿಕೆಯಲ್ಲಿ ಇಂಡಿಕಾಕ್ಕೆ ಮತ್ತೆ ಪ್ರತ್ಯೇಕ ಪ್ರಭೇದದ ಪಟ್ಟ ಕೊಟ್ಟರು. ಜೊತೆಗೆ ಪಶ್ಚಿಮ ಘಟ್ಟದ ಕಪ್ಪು ಜೇನನ್ನು ಏಪಿಸ್ ಕರಿಂಜೋಡಿಯನ್ ಎಂಬ ಹೊಸ ಪ್ರಭೇದವೆಂದರು. ಪೇಪರಿನವರು ಎರಡು ಶತಮಾನದ ನಂತರ ಹೊಸ ಜೇನು ಸಿಕ್ಕಿತು ಅಂತ ಬರೆದರು. ಸಿಕ್ಕಿತು ಅಂದರೆ? ಕಳೆದುಹೋಗಿತ್ತಾ?

ಚಿಕ್ಕೇರೂರಿನಲ್ಲಿ ನಮ್ಮ ಕಾಕಾ ಮೊದಲಿಂದಲೂ "ಕರೇದು ಗುಡ್ಡದ್ದು, ಕೆಂಪಂದು ಬಯಲಿಂದು" ಅಂತಿದ್ದ. ಹಾಗಾದ್ರ ಒಂದೇ ಗೂಡಿನ್ಯಾಗ ಎರಡೂ ಬಣ್ಣ ಯಾಕೆ ಅಂತ ಕೇಳಿದರೆ, "ಒಬ್ಬಾಕಿ ಮಕ್ಕಳೆಲ್ಲಾ ಒಂದ ಬಣ್ಣ ಇರ್ತಾರೇನೋ ತಮ್ಮಾ?" ಅಂದುಬಿಟ್ಟ. ಸರಿಯೇ. ರಾಣಿ ಹಲವು ಗಂಡುಗಳನ್ನು ಕೂಡುತ್ತಾಳೆ, ಹಾಗಾಗಿ ಒಂದೇ ಗೂಡಿನ ಅಕ್ಕತಂಗಿಯರಿಗೆ ಅಪ್ಪಂದಿರು ಬೇರೆಬೇರೆ. ಬಣ್ಣವೊಂದನ್ನೇ ನಂಬಿ ಜಾತಿ ಹೇಳಲಾಗದು.

ಅದಕ್ಕೇ ವಿಜ್ಞಾನಿಗಳು ರೆಕ್ಕೆ ಅಳೆಯುತ್ತಾರೆ. ಮುಂದಿನ ರೆಕ್ಕೆಯ ಒಂದು ನರ ಎರಡು ತುಂಡಾಗುತ್ತದೆ. ಆ ತುಂಡುಗಳ ಉದ್ದದ ಅನುಪಾತವೇ ಕ್ಯೂಬಿಟಲ್ ಇಂಡೆಕ್ಸ್. 2022ರ ವಾದ ಬಹುಪಾಲು ನಿಂತಿರುವುದು ರೇಡಿಯೋ-ಮೀಡಿಯಲ್ ಇಂಡೆಕ್ಸ್ ಎಂಬ ಇನ್ನೊಂದು ರೆಕ್ಕೆಯಳತೆಯ ಮೇಲೆ, ಜೊತೆಗೆ ಮೈಟೊಕಾಂಡ್ರಿಯದ ಡಿಎನ್‌ಎ ಮೇಲೆ. ನನಗೆ ಇಲ್ಲಿ ಕೋಡ್ ರಿವ್ಯೂ ಮಾಡುವವನ ಅನುಮಾನ ಶುರುವಾಗುತ್ತದೆ. ನಿಧಾನಕ್ಕೆ ಏರುತ್ತಾ ಹೋಗುವ ಸಂಖ್ಯೆಗಳ ನಡುವೆ ಎಲ್ಲಿ ಬೇಕಾದರೂ ಗೆರೆ ಎಳೆಯಬಹುದು, ಎಳೆದ ಮೇಲೆ ಎರಡು ಬಕೆಟ್ ಆಗೇ ಆಗುತ್ತವೆ. ಆ ಗೆರೆ ಹುಳದಲ್ಲಿದೆಯೋ, ನಮ್ಮ ಸ್ಕೇಲಿನಲ್ಲೋ? ಮೈಟೊಕಾಂಡ್ರಿಯ ಬರೀ ತಾಯಿಯ ಕಡೆಯಿಂದ ಬರುವಂಥದ್ದು, ಗಂಡುಜೇನುಗಳ ಓಡಾಟ ಅದರಲ್ಲಿ ಕಾಣುವುದೇ ಇಲ್ಲ.

ಇದು ಹೆಸರಿನ ಕಸರತ್ತು ಅಂತ ತಳ್ಳಿಹಾಕಬೇಡಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಖಾಲಿ ಪೆಟ್ಟಿಗೆಗೆ ಎಲ್ಲಿಯ ಕುಟುಂಬ ತಂದು ತುಂಬಬೇಕು? ಒಂದೇ ಪ್ರಭೇದವಾದರೆ ಬಯಲಿನದನ್ನು ಮಲೆನಾಡಿಗೆ ಒಯ್ದರೂ ನಡೆದೀತು. ಬೇರೆ ಅಂತಾದರೆ ಗುಡ್ಡದ ಹುಳವನ್ನು ನಾವೇ ಕಲಬೆರಕೆ ಮಾಡಿದ ಹಾಗೆ.

ಕರಿಂಜೋಡಿಯನ್ ಬೇರೆ ಪ್ರಭೇದ ಎಂದು ನಾನಿನ್ನೂ ಒಪ್ಪಿಲ್ಲ, ಅಲ್ಲ ಎಂದೂ ಹೇಳಲಾರೆ. ಘಟ್ಟದ ತುದಿಯ ಹುಳಕ್ಕೂ ದೂರದ ಬಯಲಿನ ಹುಳಕ್ಕೂ ವ್ಯತ್ಯಾಸ ಕಾಣುವುದು ದೊಡ್ಡ ಮಾತಲ್ಲ. ಬಯಲು ಮುಗಿದು ಮಲೆನಾಡು ಶುರುವಾಗುವ ನಮ್ಮ ಹಿರೇಕೆರೂರಿನಂಥ ಅಂಚಿನಲ್ಲಿ ಗೂಡುಗೂಡಿನ ಹುಳ ತಂದು, ತಂದೆಯ ಕಡೆಯ ಡಿಎನ್‌ಎಯನ್ನೂ ಸೇರಿಸಿ ನೋಡಲಿ. ಎರಡೂ ಕಡೆಯವು ಇಲ್ಲಿ ಬೆರೆಯುತ್ತಿವೆಯೋ, ಅಕ್ಕಪಕ್ಕದಲ್ಲಿದ್ದೂ ಬೇರೆಯಾಗಿಯೇ ಉಳಿದಿವೆಯೋ ಆಗ ಗೊತ್ತಾಗುತ್ತದೆ. ಆ ಕೆಲಸಕ್ಕೆ ಕರ್ವಾಲೋಗಿಂತ ಮಂದಣ್ಣನೇ ಹೆಚ್ಚು ಬೇಕಾಗುತ್ತಾನೆ. ಓತಿಗಾಗಿ ಕಾಡು ಹತ್ತಿದ ಆ ಗುಂಪು ಹೊರಡುವ ಮುಂಚೆ ಅವನ ಪೆಟ್ಟಿಗೆಯ ಮುಚ್ಚಳವನ್ನೊಂದು ಸಲ ತೆಗೆದು ನೋಡಬೇಕಿತ್ತು.