ಕೊರಳಿನ ಅಂಕಿ: ಕ್ಲೌಡಿಯಾ ಅಂದುಜಾರ್ ಅವರ ಚಿತ್ರಗಳನ್ನು ಕುರಿತು

ಪೋರ್ಚುಗೀಸ್ ಭಾಷೆಯಲ್ಲಿ ‘ಮಾರ್ಕಾದೋಸ್’ ಎಂದರೆ ಗುರುತು ಹಾಕಲ್ಪಟ್ಟವರು. ಕ್ಲೌಡಿಯಾ ಅಂದುಜಾರ್ ಅವರ ಪ್ರಸಿದ್ಧ ಚಿತ್ರಮಾಲೆಯ ಹೆಸರೂ ಅದೇ. ಬ್ರೆಜಿಲ್ ದೇಶದ ಅಮೆಜಾನ್ ಕಾಡಿನ ಯಾನೊಮಾಮಿ ಜನರ ಈ ಕಪ್ಪುಬಿಳುಪು ಭಾವಚಿತ್ರಗಳಲ್ಲಿ ಕೊರಳಿಗೆ ಅಂಕಿಯ ಬಿಲ್ಲೆ ತೂಗುತ್ತದೆ. ಮನುಷ್ಯನಿಗೆ ಅಂಕಿ ಕೊಡುವುದು ಅವನನ್ನು ಅಳಿಸುವುದಕ್ಕೋ ಉಳಿಸುವುದಕ್ಕೋ ಎಂಬ ಪ್ರಶ್ನೆಯನ್ನು ಅವು ನಮ್ಮ ಮುಂದಿಡುತ್ತವೆ.

ಈ ಪ್ರಶ್ನೆ ಕಲಾವಿದೆಯ ಬಾಳಿನಿಂದಲೇ ಬಂದದ್ದು. 1931ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಜನಿಸಿ ಟ್ರಾನ್ಸಿಲ್ವೇನಿಯದಲ್ಲಿ ಬೆಳೆದವರು ಅವರು. ಯೆಹೂದ್ಯರಾಗಿದ್ದ ತಂದೆಯೂ ತಂದೆಯ ಕಡೆಯ ಬಹುತೇಕ ಬಂಧುಗಳೂ ನಾತ್ಸಿ ಶಿಬಿರಗಳಲ್ಲಿ ಮಡಿದರು. ಹಳದಿ ನಕ್ಷತ್ರವನ್ನು ಎದೆಗೆ ಹೊಲಿದುಕೊಂಡವರು ಸಾವಿಗೆ ಗುರುತಾಗಿದ್ದುದನ್ನು ಅವರು ಬಾಲ್ಯದಲ್ಲೇ ಕಂಡರು. 1955ರಲ್ಲಿ ಬ್ರೆಜಿಲ್ ಸೇರಿದಾಗ ಆ ನಾಡಿನ ಭಾಷೆ ಬಾರದ ಅವರಿಗೆ ಕ್ಯಾಮೆರಾವೇ ಭಾಷೆಯಾಯಿತು. 1971ರಲ್ಲಿ ಪತ್ರಿಕೆಯೊಂದರ ಕೆಲಸದ ಮೇಲೆ ಅಮೆಜಾನಿಗೆ ಹೋದವರು ಯಾನೊಮಾಮಿಗಳನ್ನು ಕಂಡು, ಮತ್ತೆ ಮತ್ತೆ ಅಲ್ಲಿಗೆ ಮರಳಿ ಅವರೊಡನೆ ತಂಗಿದರು.

ಆ ಕಾಲದ ಚಿತ್ರಗಳಲ್ಲಿ ಸದ್ದಿಲ್ಲ. ಕತ್ತಲು ತುಂಬಿದ ದೊಡ್ಡ ಮನೆ, ಹೊಗೆಯ ನಡುವೆ ಇಳಿಯುವ ಬಿಸಿಲು, ತೂಗುಮಂಚದಲ್ಲಿ ಒರಗಿದ ಯುವಕ. ಇಲ್ಲಿ ಕಲಾವಿದೆ ಸುದ್ದಿಯನ್ನು ಬೇಟೆಯಾಡುತ್ತಿಲ್ಲ, ಕಾದು ಕುಳಿತಿದ್ದಾರೆ.

1970ರ ದಶಕದಲ್ಲಿ ಕಾಡನ್ನು ಸೀಳಿ ಹೆದ್ದಾರಿ ಬಂದಿತು. ಅದರೊಡನೆ ದಡಾರವೂ ಬಂದು ಅನೇಕರನ್ನು ಕೊಂದಿತು. 1978ರಲ್ಲಿ ಅಂದುಜಾರ್ ಅವರು ಕನ್ಸೊಲಾಟಾ ಮಿಷನರಿ ಸಹೋದರ ಕಾರ್ಲೊ ಜಾಕ್ವಿನಿ, ಮಾನವಶಾಸ್ತ್ರಜ್ಞ ಬ್ರೂಸ್ ಆಲ್ಬರ್ಟ್ ಮುಂತಾದವರೊಡನೆ ಈ ಜನರ ನೆಲದ ರಕ್ಷಣೆಗೆ ಸಮಿತಿ ಕಟ್ಟಿದರು. 1980ರ ದಶಕದ ಆರಂಭದಲ್ಲಿ ವೈದ್ಯರೊಡನೆ ಕಾಡು ಸುತ್ತಿದರು. ಹೆಸರನ್ನು ಬಹಿರಂಗವಾಗಿ ಉಚ್ಚರಿಸದ ಸಂಪ್ರದಾಯ ಯಾನೊಮಾಮಿಗಳದು. ಆದ್ದರಿಂದ ಲಸಿಕೆಯ ದಾಖಲೆಗೆ ಅಂಕಿಯೇ ಬೇಕಾಯಿತು. ಮಾರ್ಕಾದೋಸ್ ಹುಟ್ಟಿದ್ದು ಹೀಗೆ.

ಧರ್ಮಗ್ರಂಥದಲ್ಲಿಯೂ ಗುರುತು ಇಬ್ಬಗೆಯದು. ಯೆಹೆಜ್ಕೇಲನ ದರ್ಶನದಲ್ಲಿ ಹಣೆಯ ಗುರುತು ಪ್ರಾಣವನ್ನು ಕಾಯುತ್ತದೆ. ಪ್ರಕಟನಾ ಗ್ರಂಥದ ಮೃಗದ ಗುರುತು ಮನುಷ್ಯನನ್ನು ಸರಕಾಗಿಸುತ್ತದೆ. ಭೇದವಿರುವುದು ಗುರುತಿನ ಆಕಾರದಲ್ಲಲ್ಲ, ಗುರುತು ಹಾಕಿದವನು ಗುರುತುಗೊಂಡವನಿಗೆ ಎಷ್ಟರಮಟ್ಟಿಗೆ ಬಾಧ್ಯನಾಗುತ್ತಾನೆ ಎಂಬುದರಲ್ಲಿ. ದೀಕ್ಷಾಸ್ನಾನದ ಅಳಿಯದ ಮುದ್ರೆಯನ್ನು ಬೋಧಿಸುವ ನಮಗೆ ಇದು ಹೊಸ ಮಾತೇನೂ ಅಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಯಾನೊಮಾಮಿಗಳು ಸತ್ತವರ ಕುರುಹುಗಳನ್ನೆಲ್ಲ ನಾಶಮಾಡುವರು. ಛಾಯಾಚಿತ್ರವಾದರೋ ಕುರುಹನ್ನು ಉಳಿಸುವುದಕ್ಕೇ ಇರುವುದು. ಪ್ರೀತಿಯಿಂದ ತೆಗೆದ ಚಿತ್ರವೂ ಇಲ್ಲಿ ಅತಿಕ್ರಮಣವಾಗಬಲ್ಲದು. ಈ ಬಿರುಕನ್ನು ಕಲೆಯ ಸೊಬಗು ಮುಚ್ಚಲಾರದು, ಮುಚ್ಚಲೂಬಾರದು. ಚಿತ್ರಗಳ ಪರವಾಗಿ ನಾವು ಹೇಳಬಹುದಾದದ್ದು ಇಷ್ಟೇ: ಅವು ಗ್ಯಾಲರಿಯ ಗೋಡೆಯಲ್ಲಿ ನಿಲ್ಲದೆ ನೆಲದ ಹೋರಾಟಕ್ಕೆ ಸಾಕ್ಷಿ ನುಡಿದವು. 1992ರಲ್ಲಿ ಬ್ರೆಜಿಲ್ ಸರ್ಕಾರ ಸುಮಾರು 96,000 ಚದರ ಕಿಲೋಮೀಟರ್ ಕಾಡನ್ನು ಯಾನೊಮಾಮಿಗಳ ನೆಲವೆಂದು ಅಂಗೀಕರಿಸಿತು. ಅಕ್ರಮ ಚಿನ್ನದ ಗಣಿಗಾರರ ಹಾವಳಿ ಮಾತ್ರ ಆ ಬಳಿಕವೂ ನಿಂತಿಲ್ಲ.

ನೆರವು ಹಂಚುವಾಗ ಬಡವರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯುವುದು ನಮ್ಮ ಧರ್ಮಕೇಂದ್ರಗಳಲ್ಲಿ ವಾಡಿಕೆಯಾಗಿದೆ. ಆ ಚಿತ್ರ ಯಾರಿಗಾಗಿ? ದಾನಿಗೋ, ವರದಿಗೋ, ಅದರಲ್ಲಿ ನಿಂತವರಿಗೋ? ಕ್ಯಾಮೆರಾ ಎತ್ತುವ ಮೊದಲು ಅವರ ಅನುಮತಿ ಕೇಳುವುದು, ಎತ್ತಿದ ಮೇಲೆ ಅವರೊಡನೆ ಉಳಿಯುವುದು ನಮ್ಮ ಪಾಲನಾ ಸೇವೆಗೆ ಸೇರಿದ ಕರ್ತವ್ಯ.