ಬೆರಳಿಗೆ ಎದುರುತ್ತರ ಕೊಡುವ ಪೆಡಲ್

ಫಜ್ ಫ್ಯಾಕ್ಟರಿ ಎಂಬ ಗಿಟಾರ್ ಪೆಡಲ್‌ಗೆ, ಅಂದರೆ ದನಿಯನ್ನು ಒರಟಾಗಿ ಒಡೆದು ‘ಫಜ್’ ಮಾಡುವ ಕಾಲಡಿಯ ಪೆಟ್ಟಿಗೆಗೆ, ಐದು ನಾಬ್‌ಗಳಿವೆ. ಅವುಗಳಲ್ಲಿ ಹೆಚ್ಚಿನವು ಒಂದರ ವರ್ತನೆಯನ್ನು ಇನ್ನೊಂದು ಬದಲಿಸುತ್ತವೆ. ಅಮೆರಿಕದ ಮಿನಿಯಾಪೊಲಿಸ್‌ನ ಝ್ಯಾಕರಿ ವೆಕ್ಸ್ ಇದನ್ನು ರೂಪಿಸಿದ್ದು 1990ರ ದಶಕದಲ್ಲಿ. ಪೆಟ್ಟಿಗೆಯ ಮೇಲೆ ಕೈಯಿಂದಲೇ ಚಿತ್ರ ಬರೆದು ಮಾರಿದ್ದರಿಂದ ಮೊದಮೊದಲು ಇದನ್ನು ಆಟಿಕೆ ಎಂದುಕೊಂಡವರೇ ಹೆಚ್ಚು. ಈಚಿನ ಮೂರು ದಶಕಗಳಲ್ಲಿ ಬಂದ ಪ್ರಯೋಗದ ಪೆಡಲ್‌ಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇದನ್ನೇ.

ವಿಚಿತ್ರ ದನಿ ಹೊರಡಿಸುವುದು ಈಗ ಕಷ್ಟದ ಕೆಲಸವಲ್ಲ. ಅಗ್ಗದ ಚಿಪ್ ಒಂದರಲ್ಲಿ ಸ್ವರವನ್ನು ಚೂರು ಮಾಡಬಹುದು, ತಿರುವುಮುರುವು ಮಾಡಬಹುದು, ಎರಡು ಸ್ಥಾಯಿ ಮೇಲೆ ಹಾರಿಸಬಹುದು. ಹಾಗಾಗಿ ಇಂಥ ಪೆಡಲ್‌ಗಳನ್ನು ಎಷ್ಟು ವಿಚಿತ್ರ ಎಂದು ಅಳೆದು ಪ್ರಯೋಜನವಿಲ್ಲ. ತಂತಿಯನ್ನು ಎಲ್ಲಿ ಮೀಟಿದೆ, ಎಷ್ಟು ಒತ್ತಿದೆ, ಯಾವಾಗ ಬಿಟ್ಟೆ ಎಂಬ ಸಂಗತಿಗಳು ಪೆಡಲ್ ದಾಟಿದ ಮೇಲೂ ಉಳಿಯುತ್ತವೆಯೇ? ಅಭ್ಯಾಸ ಮಾಡಿದರೆ ಅದರಲ್ಲಿ ಕೈ ಪಳಗುತ್ತದೆಯೇ? ನಾನು ನೋಡುವುದು ಇದನ್ನು.

ಫಜ್ ಫ್ಯಾಕ್ಟರಿಯಲ್ಲಿ ವಾಲ್ಯೂಮ್, ಗೇಟ್, ಕಾಂಪ್, ಡ್ರೈವ್, ಸ್ಟ್ಯಾಬ್ ಎಂದು ನಾಬ್‌ಗಳ ಹೆಸರು. ಸ್ಟ್ಯಾಬ್ ಅನ್ನು ಪೂರ್ತಿ ಬಲಕ್ಕಿಟ್ಟರೆ ಸರ್ಕ್ಯೂಟಿಗೆ ವೋಲ್ಟೇಜ್ ಧಾರಾಳವಾಗಿ ಸಿಗುತ್ತದೆ, ದನಿ ದಪ್ಪಗೆ, ಒಗ್ಗಟ್ಟಾಗಿ ಬರುತ್ತದೆ. ಎಡಕ್ಕೆ ಸರಿಸುತ್ತ ಹೋದಂತೆ ಸೆಲ್ ಮುಗಿಯುತ್ತ ಬಂದ ಟ್ರಾನ್ಸಿಸ್ಟರ್ ರೇಡಿಯೊದ ಹಾಗೆ ದನಿ ಹರಿಯತೊಡಗುತ್ತದೆ, ಸ್ವರದ ಬಾಲ ಕತ್ತರಿಸಿ ಬೀಳುತ್ತದೆ. ಈಗ ಗೇಟ್ ಅನ್ನು ತುಸು ಇಳಿಸಿ. ತಂತಿ ಮುಟ್ಟದಿದ್ದರೂ ಪೆಡಲ್ ತಾನಾಗಿ ಕೂಗತೊಡಗುತ್ತದೆ. ಗಾಬರಿಯಾಗಿ ಕಾಲಿಟ್ಟು ಆರಿಸಬೇಡಿ. ಮೂರನೆಯ ತಂತಿಯನ್ನು ಜೋರಾಗಿ ಮೀಟಿ: ಸ್ವರ ಬಂದು ಕೂಗನ್ನು ಅದುಮುತ್ತದೆ. ಸ್ವರ ಇಳಿಯುತ್ತ ಬಂದಂತೆ ಕೂಗು ಬದಿಯಿಂದ ತಲೆಯೆತ್ತುತ್ತದೆ, ಒಂದು ಗಳಿಗೆ ಎರಡೂ ಜಗ್ಗಾಡುತ್ತವೆ, ಆಮೇಲೆ ಕೂಗು ಗೆಲ್ಲುತ್ತದೆ. ಗಿಟಾರಿನ ಮೇಲಿರುವ ವಾಲ್ಯೂಮ್ ನಾಬನ್ನು ಕಿರುಬೆರಳಿನಿಂದ ಸ್ವಲ್ಪ ತಿರುಗಿಸಿದರೆ ಆ ಕೂಗಿನ ಶ್ರುತಿಯೇ ಜಾರುತ್ತದೆ. ಅಂದರೆ ಕೂಗನ್ನು ನುಡಿಸಬಹುದು. ಒಂದೆರಡು ವಾರ ಕೂತರೆ ಅದನ್ನು ಬೇಕಾದ ಸ್ವರದ ಹತ್ತಿರ ನಿಲ್ಲಿಸಲು ಬರುತ್ತದೆ, ತಿಂಗಳುಗಟ್ಟಲೆ ಕೂತರೆ ಸ್ವರಗುಚ್ಛದ ನಡುವೆ ಉಸಿರಿನಂತೆ ಬಳಸಲು ಬರುತ್ತದೆ. ಮ್ಯೂಸ್ ತಂಡದ ಮ್ಯಾಟ್ ಬೆಲ್ಲಮಿ ಈ ಸರ್ಕ್ಯೂಟನ್ನು ಗಿಟಾರಿನ ಒಡಲೊಳಗೇ ಕೂರಿಸಿಕೊಂಡದ್ದು ಸುಮ್ಮನೆ ಅಲ್ಲ. ಅದು ಕಾಲಿನ ಹತ್ತಿರ ಇರುವುದಕ್ಕಿಂತ ಕೈಯ ಹತ್ತಿರ ಇದ್ದರೇ ಸರಿ.

ಇದರ ಕೊರತೆಗಳೂ ಸಣ್ಣವಲ್ಲ. ನಿನ್ನೆ ಸಿಕ್ಕ ದನಿ ಇವತ್ತು ಅದೇ ಗುರುತಿನ ಮೇಲೆ ನಾಬ್ ಇಟ್ಟರೂ ಸಿಗದೆ ಹೋಗಬಹುದು. ಗಿಟಾರ್ ಮತ್ತು ಪೆಡಲ್‌ನ ನಡುವೆ ಬಫರ್ (ಗಿಟಾರನ್ನು ಮುಂದಿನ ಪೆಡಲ್‌ನಿಂದ ಬೇರ್ಪಡಿಸುವ ಸರ್ಕ್ಯೂಟ್) ಇರುವ ಇನ್ನೊಂದು ಪೆಡಲ್ ಬಂದರೆ ಮೇಲೆ ಹೇಳಿದ ಜಗ್ಗಾಟವೆಲ್ಲ ಕೆಡುತ್ತದೆ. ಹಾಡಿಗೆ ಸಾಥ್ ಕೊಡುವವರಿಗೆ, ಪ್ರತಿ ಕಾರ್ಯಕ್ರಮದಲ್ಲೂ ಒಂದೇ ದನಿ ಬೇಕಾದವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಈ ಅಸ್ಥಿರತೆಗೂ ಕೈಗೆ ಸ್ಪಂದಿಸುವ ಆ ಗುಣಕ್ಕೂ ಬೇರು ಬಹುಮಟ್ಟಿಗೆ ಒಂದೇ: ಒಳಗಿರುವ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು. ಸಿಲಿಕಾನ್ ಬಂದ ಮೇಲೆ ಎಲೆಕ್ಟ್ರಾನಿಕ್ಸ್ ಲೋಕ ಜರ್ಮೇನಿಯಂ ಅನ್ನು ಕೈಬಿಟ್ಟಿತು. ಅದರಲ್ಲಿ ವಿದ್ಯುತ್ ಸೋರುತ್ತದೆ, ಸೆಕೆಗೆ ಗುಣ ಬದಲಾಗುತ್ತದೆ, ಒಂದೇ ನಂಬರಿನ ಎರಡು ಬಿಡಿಗಳು ಒಂದೇ ತೆರ ಇರುವುದಿಲ್ಲ. ಕಾರ್ಖಾನೆಗೆ ಬೇಡವಾದ ಈ ಗುಣಗಳೇ ಫಜ್ ಮಾಡುವವರಿಗೆ ಬೇಕಾದವು. ಸಣ್ಣಗೆ ಮೀಟಿದರೆ ದನಿ ಹೆಚ್ಚುಕಡಿಮೆ ತಿಳಿಯಾಗಿ ಬಂದು, ಜೋರಾಗಿ ಮೀಟಿದಾಗ ಮಾತ್ರ ಒಡೆಯುವುದು ಒಳ್ಳೆಯ ಜರ್ಮೇನಿಯಂ ಫಜ್‌ನ ಲಕ್ಷಣ. ಕೈಯ ಭಾರ ಅದಕ್ಕೆ ಗೊತ್ತಾಗುತ್ತದೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಶುರುಮಾಡಿದ್ದು 1962ರಲ್ಲಿ. ಪೇಟೆಗೆ ಬಂದ ಮೊದಲ ಫಜ್ ಪೆಡಲ್, ಗಿಬ್ಸನ್ ಕಂಪನಿಯ ಮೇಸ್ಟ್ರೊ ಫಜ್-ಟೋನ್ ಹೊರಬಿದ್ದದ್ದೂ ಅದೇ ವರ್ಷ, ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್ ಹೊತ್ತುಕೊಂಡು. ಇಲ್ಲಿನವು ರೇಡಿಯೊಗಳಿಗೆ ಹೋದವು, ಅಲ್ಲಿನವು ಸಂಗೀತದ ಚರಿತ್ರೆಗೆ ಹೋದವು.

ಆ ಮೇಸ್ಟ್ರೊದ ಕಥೆ ಸ್ವಲ್ಪ ಹೇಳಲೇಬೇಕು, ಈ ಇಡೀ ಬಗೆಯ ಯಂತ್ರಗಳನ್ನು ತೂಗಲು ಅದು ಬೇಕಾಗುತ್ತದೆ. 1960ರ ದಶಕದ ಆರಂಭದಲ್ಲಿ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಮಾರ್ಟಿ ರಾಬಿನ್ಸ್ ಹಾಡಿನ ಧ್ವನಿಮುದ್ರಣ ನಡೆದಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರಿನ ದನಿ ಗೊರಗೊರ ಒಡೆಯಿತು. ಅದನ್ನು ಹಾಗೇ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ದನಿಯನ್ನು ಬೇಕೆಂದಾಗ ತರಿಸುವ ಸರ್ಕ್ಯೂಟ್ ಕಟ್ಟಿದ, ಗಿಬ್ಸನ್ ಅದನ್ನು ಕೊಂಡಿತು. ಆದರೆ ಮಾರುವಾಗ ಹೇಳಿದ್ದೇನು? ನಿಮ್ಮ ಗಿಟಾರಿನಿಂದ ಟ್ರಂಪೆಟ್ಟು, ಟ್ರಾಂಬೋನು, ಚೆಲ್ಲೊ ಹೊರಡಿಸಬಹುದು ಎಂದು! ಯಾರಿಗೂ ಅದು ಟ್ರಂಪೆಟ್ಟಿನಂತೆ ಕೇಳಿಸಲಿಲ್ಲ, ಪೆಟ್ಟಿಗೆಗಳು ಅಂಗಡಿಯಲ್ಲೇ ಕೊಳೆತವು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನ ಮೊದಲ ಸಾಲನ್ನು ಅದರಲ್ಲಿ ನುಡಿಸಿದ್ದು ಕೂಡ ಮುಂದೆ ಅಲ್ಲಿ ಹಿತ್ತಾಳೆ ವಾದ್ಯ ಕೂರಿಸಬೇಕೆಂಬ ಎಣಿಕೆಯಿಂದಲೇ. ಹಾಡು ಹಾಗೇ ಹೊರಬಂತು, ಅಂಗಡಿಯಲ್ಲಿದ್ದ ಪೆಟ್ಟಿಗೆಗಳೆಲ್ಲ ಖಾಲಿಯಾದವು. ಜನ ಅದರಲ್ಲಿ ಕೇಳಿದ್ದು ಟ್ರಂಪೆಟ್ಟನ್ನಲ್ಲ, ಅದುವರೆಗೆ ಎಲ್ಲೂ ಇರದಿದ್ದ ಒಂದು ದನಿಯನ್ನು.

ಅನುಕರಣೆಯ ಆಸೆ ಪೆಡಲ್ ಮಾಡುವವರನ್ನು ಅಲ್ಲಿಂದ ಇಲ್ಲಿಯವರೆಗೆ ಬಿಟ್ಟಿಲ್ಲ. ಕೊರ್ಗ್ ಕಂಪನಿ ಜಪಾನಿನ ಕೃತಕ ಗಾಯಕಿ ಹಾತ್ಸುನೆ ಮಿಕುವಿನ ದನಿಯಲ್ಲಿ ಗಿಟಾರನ್ನು ಹಾಡಿಸುವ ಮಿಕು ಸ್ಟಾಂಪ್ ತಂದಿತು. ಅದನ್ನು ಕೇಳಿದವರು ನಗುತ್ತಾರೆ. ಆ ನಗುವನ್ನು ನಾನು ಕಡೆಗಣಿಸುವುದಿಲ್ಲ. ಅದಲ್ಲದೆ ಆ ಪೆಡಲ್‌ನಲ್ಲೊಂದು ಶಿಸ್ತೂ ಇದೆ. ಸ್ವರ ಯಾವುದೆಂದು ಯಂತ್ರ ತಿಳಿಯಬೇಕಾದರೆ ಕಂಪನದ ಒಂದಾದರೂ ಸುತ್ತು ಮುಗಿಯಬೇಕು. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವುದರಿಂದ ಒಂದು ಸುತ್ತಿಗೇ 12 ಮಿಲಿಸೆಕೆಂಡ್ ಬೇಕು. ಹಾಗಾಗಿ ಒಂದೊಂದೇ ಸ್ವರವನ್ನು, ಬಿಡಿಸಿ, ಸಣ್ಣ ತಂತಿಗಳ ಮೇಲೆ ನುಡಿಸಿದರೆ ಮಾತ್ರ ಅದು ನೆಟ್ಟಗೆ ಹಾಡುತ್ತದೆ. ವೇಗದ ಚಪಲವಿರುವ ಹುಡುಗರ ಕೈಗೆ ಕೊಡಬೇಕಾದ ಪೆಡಲ್.

ನನ್ನ ತಕರಾರು ಇರುವುದು ಈಗ ಎಲ್ಲರೂ ಮೆಚ್ಚುವ ಇನ್ನೊಂದು ಜಾತಿಯ ಮೇಲೆ. ಟೆನ್ನೆಸ್ಸಿಯ ನಾಕ್ಸ್‌ವಿಲ್‌ನ ಹೊಲೊಗ್ರಾಮ್ ಕಂಪನಿಯ ಮೈಕ್ರೊಕಾಸಂ ಅದರ ಒಳ್ಳೆಯ ಮಾದರಿ. ಹನ್ನೊಂದು ಬಗೆಯ ಪರಿಣಾಮ, ಪ್ರತಿಯೊಂದಕ್ಕೂ ನಾಲ್ಕು ರೂಪ. ನೀವು ನುಡಿಸಿದ್ದನ್ನು ಹಿಡಿದಿಟ್ಟುಕೊಂಡು, ಸಣ್ಣ ಸಣ್ಣ ಕಣಗಳಾಗಿ ಒಡೆದು, ಮೇಲೆ ಕೆಳಗೆ ಎರಚಿ, ಲಯದಲ್ಲಿ ಜೋಡಿಸಿ ಹಿಂದಿರುಗಿಸುತ್ತದೆ. ಒಂದು ಸ್ವರ ಕೊಟ್ಟರೆ ಸಿನಿಮಾದ ಹಿನ್ನೆಲೆ ಸಂಗೀತದ ಹಾಗೆ ಏನೋ ಅರಳಿಕೊಳ್ಳುತ್ತದೆ. ಕಟ್ಟಿದವರ ಕಸುಬು ಅಸಾಮಾನ್ಯ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಸಂಜೆ ಕೇಳಿದಾಗ ನನಗೆ ಮೈ ನವಿರೆದ್ದಿತ್ತು. ಆದರೆ ಅದೇ ಸ್ವರವನ್ನು ಮೆದುವಾಗಿ ಮೀಟಿದರೂ ಗಡುಸಾಗಿ ಮೀಟಿದರೂ, ನಾನು ಮೀಟಿದರೂ ನನಗಿಂತ ಹತ್ತುಪಾಲು ಚೆನ್ನಾಗಿ ನುಡಿಸುವ ಗೆಳೆಯ ಮೀಟಿದರೂ, ಅರಳಿದ್ದು ಬಹುಮಟ್ಟಿಗೆ ಒಂದೇ ಹೂವು. ಇಂಟರ್‌ನೆಟ್ಟಿನಲ್ಲಿ ಆ ಪೆಡಲ್‌ನ ವಿಡಿಯೊಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ, ಯಾರು ನುಡಿಸುತ್ತಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳುವುದು ಕಷ್ಟ. ನುಡಿಸುವವರ ಗುರುತನ್ನೇ ಅಳಿಸುವ ಸೌಂದರ್ಯವನ್ನು ನಾನು ಹೆಚ್ಚು ದಿನ ಪ್ರೀತಿಸಲಾರೆ.

ಇದಕ್ಕೆ ಡಿಜಿಟಲ್ ತಂತ್ರವನ್ನು ದೂರುವುದು ತಪ್ಪು. ಎಲೆಕ್ಟ್ರೊ-ಹಾರ್ಮೋನಿಕ್ಸ್ ಕಂಪನಿಯ ಫ್ರೀಜ್ ಪೂರ್ತಿ ಡಿಜಿಟಲ್. ಒಂದು ನಾಬ್, ಒಂದು ಸ್ವಿಚ್, ಒಂದು ಕಾಲುಗುಂಡಿ, ಅಷ್ಟೆ. ಗುಂಡಿ ಒತ್ತಿದ ಆ ಕ್ಷಣ ಕೇಳುತ್ತಿದ್ದ ದನಿಯನ್ನು ಹಿಡಿದು, ಕಾಲು ಎತ್ತುವವರೆಗೂ ಎಳೆಯುತ್ತದೆ. ಮೀಟಿದ ಕೂಡಲೇ ಒತ್ತಿದರೆ ಉಗುರಿನ ಗೀರು ಸಹಿತ ನಿಲ್ಲುತ್ತದೆ, ಅರೆಗಳಿಗೆ ತಡೆದು ಒತ್ತಿದರೆ ಮಾಗಿದ ಸ್ವರ ನಿಲ್ಲುತ್ತದೆ. ಕಾಲಿಗೂ ಕಿವಿಗೂ ಕೆಲಸ ಕೊಡುವ ಈ ಸಣ್ಣ ಪೆಟ್ಟಿಗೆಯನ್ನು ಷಡ್ಜ ಹಿಡಿಸಿಟ್ಟು ರಾಗ ನುಡಿಸಲು ಬಳಸಿದವರು ನಮ್ಮಲ್ಲೂ ಇದ್ದಾರೆ. ಆದರೆ ಅಲ್ಲೊಂದು ಮಿತಿ ಬೇಗ ಕಾಣುತ್ತದೆ. ಫ್ರೀಜ್ ಹಿಡಿದ ಷಡ್ಜ ಅಲ್ಲಾಡದೆ ನಿಂತಿರುತ್ತದೆ. ತಂಬೂರಿಯ ಷಡ್ಜ ಹಾಗೆ ನಿಲ್ಲುವುದೇ ಇಲ್ಲ. ತಂತಿಯನ್ನು ಹೊರುವ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ಎಳೆ ದಾರದಿಂದಾಗಿ ಒಂದೇ ಮೀಟಿನಲ್ಲಿ ಉಪಸ್ವರಗಳು ಒಂದಾದ ಮೇಲೊಂದು ಮುಂದೆ ಬಂದು ಹಿಂದೆ ಸರಿಯುತ್ತವೆ. ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟುವುದಿಲ್ಲ ಎಂಬ ನಿಯಮದ ಪ್ರಕಾರ ಹುಟ್ಟಲೇಬಾರದ ಉಪಸ್ವರಗಳು ತಂಬೂರಿ ಮತ್ತು ವೀಣೆಗಳಲ್ಲಿ ಗಟ್ಟಿಯಾಗಿಯೇ ಕೇಳುತ್ತವೆ, ಕಾರಣ ಆ ಕುದುರೆಯ ಉಬ್ಬು ಮೈ ಎಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು.  ತಂತಿ ತಾನು ತಾಗುವ ಮೈಗೆ ಉಜ್ಜಿ ಗುಂಯ್‌ಗುಟ್ಟಲಿ ಎಂದು ಬಯಸಿ, ಅದಕ್ಕೆಂದೇ ವಾದ್ಯ ಕಟ್ಟಿದ ಪರಂಪರೆ ನಮ್ಮದು. ನ್ಯಾಶ್‌ವಿಲ್‌ನಲ್ಲಿ ಯಂತ್ರ ಕೆಟ್ಟು ಸಿಕ್ಕಿದ ಸುಖಕ್ಕೆ ಹತ್ತಿರದ್ದನ್ನು ತಂಬೂರಿ ಕಟ್ಟುವ ಮಿರಜಿನ ಕುಶಲಿಗರು ಕುದುರೆಗೆ ಅರ ಹಿಡಿದು ತೀಡಿ ತೀಡಿ ತರುತ್ತಾರೆ.

ಈ ಕಾರಣಕ್ಕೇ ಎಲೆಕ್ಟ್ರೊ-ಹಾರ್ಮೋನಿಕ್ಸ್‌ನ ಇನ್ನೊಂದು ಪೆಡಲ್ ರವಿಶ್ ಸಿತಾರ್ ನನ್ನನ್ನು ಬಹಳ ಕಾಡಿದೆ. ಗಿಟಾರನ್ನು ಸಿತಾರ್ ಮಾಡುತ್ತೇನೆ ಎನ್ನುವುದು ಅದರ ಮಾತು. ಆ ಮಾತನ್ನು ಅದು ನಡೆಸಿಕೊಡುವುದಿಲ್ಲ. ಸಿತಾರಿನಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆಳೆದು ನಾಲ್ಕೈದು ಸ್ವರ ಏರಬಹುದು (ಇದೇ ಮೀಂಡ್), ಗಿಟಾರಿನಲ್ಲಿ ಒಂದೆರಡು ಸ್ವರ ದಾಟುವುದರೊಳಗೆ ಬೆರಳು ಸೋಲುತ್ತದೆ. ಧಾರವಾಡದಲ್ಲಿ ರಹಿಮತ್ ಖಾನ್, ಬಾಲೇಖಾನರ ಮನೆತನದ ಸಿತಾರ್ ಕೇಳಿದ ಕಿವಿಗೆ ಮೀಂಡ್ ಇಲ್ಲದ ಸಿತಾರಿನ ದನಿ ಬರಿಯ ವೇಷ. ಪೆಡಲ್‌ಗೆ ಇನ್ನೊಂದು ಪೆಡಲ್ ಜೋಡಿಸಿ ಕಾಲಿನಿಂದ ಸ್ವರ ಜಾರಿಸುವ ಏರ್ಪಾಡೇನೋ ಇದೆ. ಆದರೆ ಮೀಂಡ್‌ನ ಸೂಕ್ಷ್ಮ ಕಾಲಿಗೆ ದಕ್ಕುವುದಿಲ್ಲ.

ಆದರೂ ಅದನ್ನು ನಾನು ಪಕ್ಕಕ್ಕಿಟ್ಟಿಲ್ಲ. ಅದರೊಳಗೆ ಎರಡು ಭಾಗಗಳಿವೆ: ಸಿತಾರಿನ ಮುಖ್ಯ ತಂತಿಯನ್ನು ನಟಿಸುವುದು ಒಂದು, ಅದರ ನಾದಕ್ಕೆ ತಾವಾಗಿ ಮಿಡಿಯುವ ತರಫ್ ತಂತಿಗಳ ಅನುರಣನ ಇನ್ನೊಂದು. ಎರಡನೆಯದಕ್ಕೆ ಬೇರೆ ಔಟ್‌ಪುಟ್ಟೇ ಕೊಟ್ಟಿದ್ದಾರೆ. ಮೊದಲನೆಯದನ್ನು ಪೂರ್ತಿ ಇಳಿಸಿ, ಗಿಟಾರಿನ ಸ್ವಂತ ದನಿಯನ್ನೇ ಉಳಿಸಿಕೊಂಡು, ತರಫ್ ಅನ್ನು ರಾಗದ ಸ್ವರಗಳಿಗೆ ಕೂಡಿಸಿಕೊಂಡು ನುಡಿಸಿ ನೋಡಬೇಕು. ಮೋಹನದ ಸ್ವರಗಳನ್ನು ಕೂರಿಸಿದ್ದೀರಿ ಎನ್ನಿ: ಗಾಂಧಾರದ ಮೇಲೆ ನಿಂತರೆ ಹಿಂದೆ ಮಂಜಿನಂತೆ ಏನೋ ಏಳುತ್ತದೆ, ನಡುವೆ ಬಿಟ್ಟ ಮೌನದಲ್ಲಿ ಅದು ಮುಂದೆ ಬರುತ್ತದೆ. ಎಷ್ಟು ಬಿಡಬೇಕು, ಎಲ್ಲಿ ನಿಲ್ಲಬೇಕು ಎಂದು ಅದು ಕಲಿಸುತ್ತದೆ. ಸಿತಾರಿನ ವೇಷ ಕಳಚಿದಾಗ ಪೆಡಲ್ ಪ್ರಾಮಾಣಿಕವಾಗುತ್ತದೆ, ಮೇಸ್ಟ್ರೊ ಟ್ರಂಪೆಟ್ಟಿನ ಮಾತು ಬಿಟ್ಟಾಗ ಆದಂತೆಯೇ.

ಪೆಡಲ್ ಕಟ್ಟುವವರು ನಮ್ಮಲ್ಲೂ ಇದ್ದಾರೆ. ಮುಂಬಯಿಯ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್‌ನವರು ಕಟ್ಟುವ ಒರಟು ದನಿಯ ಪೆಡಲ್‌ಗಳನ್ನು ಹೊರದೇಶದವರೂ ಕೊಳ್ಳುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಫಜ್ ಬೆಸೆಯುವ ಹುಡುಗ ಹುಡುಗಿಯರೂ ಇದ್ದಾರೆ. ಅವರಲ್ಲಿ ಯಾರಾದರೂ ರವಿಶ್ ಸಿತಾರ್‌ನ ಆ ತರಫ್ ಭಾಗವನ್ನಷ್ಟೇ ಬೇರೆ ಪೆಟ್ಟಿಗೆಯಲ್ಲಿ ಕಟ್ಟಲಿ. ಹನ್ನೆರಡು ಸ್ವರದ ಪಾಶ್ಚಾತ್ಯ ಅಳತೆಗೆ ಕಟ್ಟುಬೀಳದೆ, ಪ್ರತಿ ತರಫ್ ತಂತಿಯನ್ನೂ ಕಿವಿಯಿಂದ ಕೂದಲೆಳೆಯಷ್ಟು ಏರಿಸಿ ಇಳಿಸಲು ಬರುವ ನಾಬ್‌ಗಳಿರಲಿ, ಮೀಟಿನ ಬಿರುಸಿಗೆ ತಕ್ಕಂತೆ ಜವಾರಿ, ಅಂದರೆ ಕುದುರೆಯ ಆ ಗುಂಯ್‌ಗುಟ್ಟುವ ಗುಣ, ತೆರೆದು ಮುಚ್ಚುವ ಹಾಗಿರಲಿ. ಅಂಥದೊಂದನ್ನು ಮೊದಲು ಕೊಳ್ಳುವವರ ಸಾಲಿನಲ್ಲಿ ನಾನಿರುತ್ತೇನೆ.