ನೆಲಮಂಗಲದ ಲೆಕ್ಕ, ಕಾಲೇಜಿನ ಪಾಠ

ಕ್ಷಯಕ್ಕೆ ಚಿಕಿತ್ಸೆಯೇ ಸಿಗದಿದ್ದರೆ ರೋಗಿಗೆ ಏನಾಗುತ್ತದೆ? ಓದಿಕೊಂಡ ಎಂಬಿಬಿಎಸ್ ವಿದ್ಯಾರ್ಥಿಯ ನಾಲಗೆಯ ತುದಿಯಲ್ಲೇ ಉತ್ತರವಿರುತ್ತದೆ: ಐದು ವರ್ಷದೊಳಗೆ ಹೆಚ್ಚುಕಡಿಮೆ ಅರ್ಧ ಜನ ಸಾಯುತ್ತಾರೆ, ಮೂರರಲ್ಲೊಂದು ಪಾಲು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಮಿಕ್ಕವರು ಕೆಮ್ಮುತ್ತ, ಹರಡುತ್ತ ಬದುಕಿರುತ್ತಾರೆ. ಜಗತ್ತಿನ ಕ್ಷಯರೋಗ ಪಠ್ಯಗಳಲ್ಲೆಲ್ಲ ಸೇರಿಹೋಗಿರುವ ಈ ಲೆಕ್ಕ ಹುಟ್ಟಿದ್ದು ನಮ್ಮ ಪಕ್ಕದಲ್ಲೇ, ಅಂದಿನ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ. ಆಗಿನ್ನೂ ಗ್ರಾಮಾಂತರ ಜಿಲ್ಲೆ ಎಂಬುದೇ ಇರಲಿಲ್ಲ. ಅದು ಬೇರೆಯಾದದ್ದು 1986ರಲ್ಲಿ.

ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 68ರವರೆಗೆ ಈ ಹಳ್ಳಿಗಳನ್ನು ನಾಲ್ಕು ಸುತ್ತು ಸಮೀಕ್ಷೆ ಮಾಡಿತು. ಸುಮಾರು 65,000 ಜನ. ಮನೆಮನೆಯ ಪಟ್ಟಿ, ತೋಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿ ಮತ್ತೆ ಬಂದು ಗುಳ್ಳೆಯ ಅಳತೆ, ಐದು ವರ್ಷ ದಾಟಿದವರಿಗೆ ಎಕ್ಸ್‌ರೇ, ಅನುಮಾನ ಬಂದವರ ಕಫ ಪರೀಕ್ಷೆ. ವರ್ಷಗಳು ಕಳೆದು ಅದೇ ಊರಿಗೆ, ಅದೇ ಮನೆಗೆ, ಅದೇ ಮನುಷ್ಯನ ಹತ್ತಿರ ಮತ್ತೆ ಹೋಗುವುದು ಎಂಥ ಕೆಲಸವೆಂದು ಜನಗಣತಿಗೆ ಹೋದ ಮೇಷ್ಟ್ರುಗಳಿಗೆ ಗೊತ್ತು. ಮದುವೆಯಾಗಿ ಹೋದವರು, ಪೇಟೆಗೆ ದುಡಿಯಲು ಹೋದವರು, ಸತ್ತವರು, ಎಲ್ಲರ ಲೆಕ್ಕವೂ ಬೇಕು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ವರದಿಗೆ ಲೇಖಕರ ಜಾಗದಲ್ಲಿ ಸಂಸ್ಥೆಯ ಹೆಸರಷ್ಟೇ ಇದೆ. ಪ್ರಬಂಧಕ್ಕೆ ಮೊದಲ ಹೆಸರು ಯಾರದೆಂದು ಕಿತ್ತಾಡುವ ಇಂದಿನವರು ಒಮ್ಮೆ ನೋಡಬೇಕಾದ ಪುಟ ಅದು.

ಶಿಸ್ತಿನ ದೃಷ್ಟಿಯಿಂದ ಇದಕ್ಕೆ ಸಮನಾದ ಕೆಲಸ ಜನಾರೋಗ್ಯ ಸಂಶೋಧನೆಯಲ್ಲಿ ಹೆಚ್ಚಿಲ್ಲ. ಹಾಗಿದ್ದೂ ವರದಿಯ ನಡುವಿನ ಒಂದು ಅಂಕಿ ಓದುವವರನ್ನು ತಡೆದು ನಿಲ್ಲಿಸಬೇಕು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯಾಣು ಕಂಡವರು 126 ಮಂದಿ. ಐದು ವರ್ಷದ ಕೊನೆಗೆ ಅವರಲ್ಲಿ ಶೇ. 49 ಜನ ಇರಲಿಲ್ಲ. ಶೇ. 18 ಜನರ ಕಫದಲ್ಲಿ ಕ್ಷಯಾಣು ಇನ್ನೂ ಇತ್ತು. ಸಂಘಟಿತ ಕ್ಷಯ ನಿಯಂತ್ರಣ ತಲುಪದ ಜನರಲ್ಲಿ ರೋಗ ತನ್ನಷ್ಟಕ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದೇ ದಾಖಲೆ. ಆದರೆ ಅದು ಔಷಧವಿಲ್ಲದ ಕಾಲವೇನಲ್ಲ. ಐಸೋನಿಯಾಜಿಡ್ 1952ರಲ್ಲೇ ಬಂದಿತ್ತು. ಆಸ್ಪತ್ರೆಗೆ ಸೇರಿಸದೆ ಮನೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರೂ ಕ್ಷಯ ಗುಣವಾಗುತ್ತದೆಂದು ಮದರಾಸಿನ ಕ್ಷಯ ಸಂಶೋಧನಾ ಕೇಂದ್ರ 1959ರಲ್ಲೇ ತೋರಿಸಿತ್ತು. ಹಾಗಾದರೆ ‘ರೋಗದ ಸಹಜ ಗತಿ’ ಎನ್ನುವಾಗ ನಾವು ಸಹಜ ಎನ್ನುತ್ತಿರುವುದು ಯಾವುದನ್ನು? ಕ್ಷಯಾಣುವಿನ ಗುಣವನ್ನೋ, ಮಾತ್ರೆ ಹಳ್ಳಿಯವರೆಗೆ ಬಾರದಿದ್ದ ವ್ಯವಸ್ಥೆಯ ಗುಣವನ್ನೋ? ಪಾಠ ಮಾಡುವವರು ಈ ಪ್ರಶ್ನೆಯನ್ನು ಹಾಯ್ದೇ ಮುಂದೆ ಹೋಗಬೇಕು. ಬಹುತೇಕ ತರಗತಿಗಳು ಅದರ ಪಕ್ಕದಿಂದ ಹೋಗಿಬಿಡುತ್ತವೆ.

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ಬರುವುದಿಲ್ಲ ಎಂಬ ಸಮಾಧಾನವೂ ಇಲ್ಲಿ ನಡೆಯದು. ಅದನ್ನು ಕೆಡವಿದ್ದು ಇದೇ ಸಂಸ್ಥೆ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಪಕ್ಕದ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂಬುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಅಲ್ಲೇ ಪರೀಕ್ಷಿಸಿದರೆ ಸಾಕು ಎಂಬ ಸರಳ ತತ್ತ್ವ ಈ ಕೆಲಸದಿಂದಲೇ ಗಟ್ಟಿಯಾಯಿತು. ಅಧ್ಯಯನ ಅಚ್ಚಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಈ ತತ್ತ್ವದ ಮೇಲೆ. ನನ್ನ ಮಟ್ಟಿಗೆ ಎರಡರಲ್ಲಿ ದೊಡ್ಡ ಕೆಲಸ ಇದು. 119 ಹಳ್ಳಿಗಳ ಸಮೀಕ್ಷೆ ಜನರ ಶ್ವಾಸಕೋಶ ನೋಡಿತು, ತುಮಕೂರಿನದು ಅವರ ಮಾತು ಕೇಳಿತು.

2008–10ರಲ್ಲಿ ಸಂಸ್ಥೆ ನೆಲಮಂಗಲ ತಾಲ್ಲೂಕಿನಲ್ಲಿ ಮತ್ತೊಂದು ಸಮೀಕ್ಷೆ ನಡೆಸಿತು. ಹದಿನೈದು ದಾಟಿದ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ ಕಫದಲ್ಲಿ ಕ್ಷಯಾಣು ಇದ್ದವರು ಲಕ್ಷಕ್ಕೆ ಇನ್ನೂರರ ಆಸುಪಾಸು. ಅರವತ್ತರ ದಶಕದಲ್ಲಿ ಅದು ಲಕ್ಷಕ್ಕೆ ಮುನ್ನೂರೈವತ್ತು, ನಾನೂರರ ಹತ್ತಿರವಿತ್ತು. ವಯೋಮಿತಿ, ಪರೀಕ್ಷಾ ಕ್ರಮ ಎರಡೂ ಬೇರೆಯಾದ್ದರಿಂದ ಇವನ್ನು ಒಂದೇ ತಕ್ಕಡಿಗೆ ಹಾಕಬಾರದು. ಹಾಗೆಂದು ದಾಬಸ್‌ಪೇಟೆಯ ಕಾರ್ಖಾನೆಗಳು, ನಾಲ್ಕು ಪಥದ ಹೆದ್ದಾರಿ ಎಲ್ಲ ಬಂದ ಮೇಲೂ ಕ್ಷಯ ಊರು ಬಿಟ್ಟಿಲ್ಲ ಎನ್ನಲು ಅಡ್ಡಿಯಿಲ್ಲ.

ಈಗ ಬೆಂಗಳೂರು ಗ್ರಾಮಾಂತರದ ಹಳ್ಳಿಗಳಿಗೆ ಬಿಳಿ ಕೋಟಿನ ಹುಡುಗ ಹುಡುಗಿಯರು ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲೇ ವೈದ್ಯಕೀಯ ಕಾಲೇಜುಗಳಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮ 2021–22ರ ತಂಡದಿಂದ ಕಡ್ಡಾಯವಾಗಿದೆ. ಪ್ರತಿ ವಿದ್ಯಾರ್ಥಿಗೂ ಕೆಲವು ಕುಟುಂಬ. ಮೊದಲ ವರ್ಷ 27 ಗಂಟೆ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 21. ಕಲ್ಪನೆ ಹೊಸದಲ್ಲ. ಶ್ರೀವಾಸ್ತವ ಸಮಿತಿಯ ವರದಿಯ ನಂತರ 1977ರಲ್ಲಿ ಬಂದ ‘ರೋಮ್’ ಯೋಜನೆಯೂ ಪ್ರತಿ ಕಾಲೇಜಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ವಹಿಸಿ, ಓಡಾಡಲು ದೊಡ್ಡ ವಾಹನಗಳನ್ನೂ ಕೊಟ್ಟಿತ್ತು. ಅದು ಆಸ್ಪತ್ರೆಗಳ ಹಿತ್ತಲಲ್ಲಿ ನಿಂತ ವಾಹನಗಳಾಗಿ ಮುಗಿಯಿತು ಎಂದು ಹಳೆಯ ಪ್ರಾಧ್ಯಾಪಕರು ಇಂದಿಗೂ ನಗುತ್ತಾರೆ.

ಹೊಸ ಯೋಜನೆ ವಾಹನದ ಮೇಲಲ್ಲ, ಕುಟುಂಬದ ಮೇಲೆ ನಿಂತಿದೆ. ಆ ಮಟ್ಟಿಗೆ ಮೇಲು. ಆದರೆ ಅದರ ವೇಳಾಪಟ್ಟಿಯೇ ತಲೆಕೆಳಗಾಗಿದೆ. ಮನೆಯ ಬಾಗಿಲಿಗೆ ಮೊದಲು ಬರುವುದು ಅಂಗರಚನೆ ಬಿಟ್ಟು ಬೇರೇನೂ ತಿಳಿಯದ ಹುಡುಗ. ಬಿಪಿ ನೋಡುತ್ತಾನೆ, ಲಾಗ್‌ಬುಕ್ ತುಂಬುತ್ತಾನೆ, ಹೋಗುತ್ತಾನೆ. ಅವನ ಕೈಗೆ ಮದ್ದಿನ ಅಳತೆ ಸಿಕ್ಕು, ರೋಗಿಗೆ ಉಪಯೋಗಕ್ಕೆ ಬರುವ ಹೊತ್ತಿಗೆ ಭೇಟಿಯ ಗಂಟೆಗಳು ಮುಗಿದಿರುತ್ತವೆ. ಬೆಳಗ್ಗೆ ಹನ್ನೊಂದಕ್ಕೆ ಬಸ್ಸು ಬಂದರೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮುಂದೆ ಇರುವವರೂ, ವಿಮಾನ ನಿಲ್ದಾಣದ ಪಾಳಿಗೆ ಹೋದವರೂ ಮನೆಯಲ್ಲಿರುವುದಿಲ್ಲ. ಜಗಲಿಯಲ್ಲಿ ಕೂತ ಅಜ್ಜಿಗೆ ತಿಂಗಳಿಗೊಂದು ಬಾರಿ ಶುಗರ್ ಪರೀಕ್ಷೆ. ದುಡಿಯುವ ಗಂಡಸರಲ್ಲಿ ಕ್ಷಯ ಹೆಚ್ಚೆಂದು ಸಮೀಕ್ಷೆಗಳು ಹೇಳುತ್ತಲೇ ಬಂದಿವೆ. ನೋಡಬೇಕಾದವನೇ ಪಟ್ಟಿಯಿಂದ ತಪ್ಪಿಹೋಗುತ್ತಾನೆ.

ಕಲಿಕೆ ಮತ್ತು ಸಂಶೋಧನೆ ಮನೆಯವರಿಗೆ ಏನನ್ನಾದರೂ ಕೊಟ್ಟೇ ಹೋಗಬಹುದೆಂಬುದಕ್ಕೆ ದೂರ ನೋಡಬೇಕಿಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ‘ರೇಷನ್ಸ್’ ಪ್ರಯೋಗ, ಕ್ಷಯರೋಗಿಯ ಮನೆಯವರಿಗೆ ತಿಂಗಳ ಅಕ್ಕಿ, ಬೇಳೆ ಕೊಟ್ಟರೆ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗುತ್ತದೆಂದು ತೋರಿಸಿತು. ಹೋಲಿಕೆಗೆ ಇಟ್ಟ ಗುಂಪಿನ ರೋಗಿಗಳಿಗೂ ಪಡಿ ತಪ್ಪಲಿಲ್ಲ. ಅರವತ್ತರ ದಶಕದ ನಮ್ಮ ಅಧ್ಯಯನಕ್ಕೂ ಇದಕ್ಕೂ ನಡುವೆ ಬದಲಾದದ್ದು ಸಂಖ್ಯಾಶಾಸ್ತ್ರವೊಂದೇ ಅಲ್ಲ.

ದತ್ತು ಕಾರ್ಯಕ್ರಮಕ್ಕೆ ಬೇಕಾದ ತಿದ್ದುಪಡಿಗೆ ಹೊಸ ಹಣವೇನೂ ಬೇಡ. ಹೌಸ್ ಸರ್ಜನ್‌ಗಳಿಗೆ ಸಮುದಾಯ ವೈದ್ಯಕೀಯದಲ್ಲಿ ಹನ್ನೆರಡು ವಾರಗಳ ಕೆಲಸ ಹೇಗೂ ಇದೆ. ಅವರನ್ನು ತಾವು ಮೊದಲ ವರ್ಷ ನೋಡಿದ ಅದೇ ಮನೆಗಳಿಗೆ, ಸಂಜೆಯ ಹೊತ್ತಿನಲ್ಲಿ, ಆಶಾ ಕಾರ್ಯಕರ್ತೆಯ ಜೊತೆ ಕಳಿಸಬಹುದು. ಪರೀಕ್ಷಕರು ಲಾಗ್‌ಬುಕ್ಕಿನಲ್ಲಿ ಸಹಿ ಎಷ್ಟಿವೆ ಎಂದು ಎಣಿಸುವ ಬದಲು, ಕಫ ಪರೀಕ್ಷೆಗೆ ಬರೆದುಕೊಟ್ಟವರಲ್ಲಿ ಎಷ್ಟು ಜನ ಆರು ತಿಂಗಳ ಮಾತ್ರೆ ಮುಗಿಸಿದರು ಎಂದು ಕೇಳಲಿ.